ಮೂರನೇ ಪಾಳಿಯ ಶ್ರುತಿ

ಜೂನ್ 17, 2001, ಭಾನುವಾರ

ಇಂದು ಮತ್ತೆ ಗೆದ್ದೆ. ಗೆದ್ದೆ ಎಂದು ಹೇಳುತ್ತಿರುವುದು ನಾನೊಬ್ಬಳೇ. ಆದರೆ ಈ ಪುಸ್ತಕದಲ್ಲಿ ತೀರ್ಪು ಬರೆಯುವವಳೂ ನಾನೇ ಆದ್ದರಿಂದ ತೊಂದರೆಯಿಲ್ಲ.

ದುರ್ಗಿಗುಡಿಯ ಪ್ರಸನ್ನಕುಮಾರ್ ಅವರ ಜೆರಾಕ್ಸ್ ಅಂಗಡಿಯಲ್ಲಿ ಭಾನುವಾರ ಹತ್ತು ಗಂಟೆಗೆ ಶಟರ್ ಅರ್ಧ ಎಳೆದುಕೊಂಡು ನಾವು ಏಳೆಂಟು ಜನ ಸೇರುತ್ತೇವೆ. ಐದು ವರ್ಷದಿಂದ ಚರ್ಚೆಯ ವಿಷಯ ಒಂದೇ. ಭದ್ರಾವತಿಯ ದುಶ್ಯಂತ್ 'ಮೂರನೇ ಪಾಳಿ' ತಂಡದಲ್ಲಿದ್ದಾಗ ಕಟ್ಟಿದ ಹಾಡು ಮೇಲೋ, ತಂಡ ಬಿಟ್ಟು ಒಬ್ಬನೇ ಕಟ್ಟಿದ ಹಾಡು ಮೇಲೋ? ಕಾರ್ಖಾನೆ ಕ್ವಾರ್ಟರ್ಸಿನ ನಾಲ್ಕು ಹುಡುಗರ ತಂಡ ಅದು. ಎಲ್ಲರೂ ಆರ್ಕೆಸ್ಟ್ರಾ ಕಟ್ಟಿಕೊಂಡು ಸಿನಿಮಾ ಹಾಡು ಹಾಡುತ್ತಿದ್ದಾಗ ಇವರು ತಮ್ಮದೇ ಹಾಡು ಬರೆದು ತೊಂಬತ್ತಮೂರರಲ್ಲಿ ಒಂದು ಕ್ಯಾಸೆಟ್ ತಂದರು. ಮುನ್ನೂರು ಪ್ರತಿ. ಅವು ಮುಗಿದವು. ತೊಂಬತ್ತಾರರಲ್ಲಿ ತಂಡವೂ ಮುಗಿಯಿತು. ಆಮೇಲೆ ದುಶ್ಯಂತ್ ಗಿಟಾರ್ ಹಿಡಿದು ಒಬ್ಬನೇ ಎರಡು ಕ್ಯಾಸೆಟ್ ಮಾಡಿದ. ಅವು ನಮ್ಮೂರ ಗಾಂಧಿಬಜಾರಿನಲ್ಲಿ ಈಗಲೂ ಸಿಗುತ್ತವೆ. ತಂಡದ್ದು ಮಾತ್ರ ಎಲ್ಲೂ ಸಿಗುವುದಿಲ್ಲ. ತೊಂಬತ್ತನಾಲ್ಕರಲ್ಲಿ ಸಹೋದ್ಯೋಗಿಯೊಬ್ಬರಿಂದ ಎರಡು ದಿನಕ್ಕೆಂದು ತಂದು ನಾನು ಕಾಪಿ ಮಾಡಿಟ್ಟುಕೊಂಡೆ. ಈ ಊರಿನಲ್ಲಿ ಯಾರ ಮನೆಯಲ್ಲಿ ಮೂರನೇ ಪಾಳಿ ಕೇಳಿದರೂ ಅದು ನನ್ನ ಕಾಪಿಯ ಕಾಪಿ. ಅದರ ಜಂಬ ನನಗೆ ಸ್ವಲ್ಪ ಇದೆ. ಸ್ವಲ್ಪ ಎಂದರೆ ಸುಳ್ಳು.

ನನ್ನ ಸಿದ್ಧಾಂತ ಎಲ್ಲರಿಗೂ ಬಾಯಿಪಾಠ. ತಂಡದ ಹಾಡಿನಲ್ಲಿ ವೇಗವಿದೆ, ಧ್ವನಿ ಮೇಲಿದೆ. ಒಂಟಿ ಹಾಡುಗಳಲ್ಲಿ ಎಲ್ಲ ನಿಧಾನ, ಧ್ವನಿ ಪಾತಾಳದಲ್ಲಿ. ಗೆಳೆಯರ ಜೊತೆಗಿದ್ದವನು ಓಡುತ್ತಾನೆ, ಬಿಟ್ಟು ಹೋದವನು ಕಾಲೆಳೆಯುತ್ತಾನೆ. ಇದನ್ನೇ ಹದಿನಾಲ್ಕು ಪುಟ ಬರೆದು 'ತಂಡದ ವೇಗ' ಎಂದು ಹೆಸರಿಟ್ಟು ಹಂಚಿದ್ದೇನೆ. ಜೆರಾಕ್ಸ್ ಮಾಡಿಕೊಟ್ಟವರು ವಿರೋಧ ಪಕ್ಷದ ನಾಯಕ ಪ್ರಸನ್ನಕುಮಾರರೇ. ಏಕಾಂತದಲ್ಲಿ ಧ್ವನಿ ಮಾಗಿ ಕೆಳಗಿಳಿಯಿತು ಎಂಬುದು ಅವರ ಸಿದ್ಧಾಂತ.

"ಮಾವಿನಕಾಯಿ ಇಷ್ಟ ಅಂದ್ರೆ ತಿನ್ನಿ ರಶ್ಮಿ ಮೇಡಂ, ಬೇಡ ಅನ್ನಲ್ಲ. ಹಣ್ಣು ಎದುರಿಗಿಟ್ರೂ ಕಾಯೇ ಬೇಕು ಅಂದ್ರೆ ಹೆಂಗೆ?" ಎಂದರು.

"ಹಣ್ಣಲ್ಲ ಸ್ವಾಮಿ, ಕೊಳೆತಿದ್ದು," ಎಂದೆ. ಎಲ್ಲರೂ ನಕ್ಕರು. ಗೆದ್ದೆ ಎಂದದ್ದು ಇದಕ್ಕೆ.

ಎದ್ದು ಹೊರಡುವಾಗ ಅವರು, "ದುಶ್ಯಂತ್ ಹೊಸ ಕ್ಯಾಸೆಟ್ ಮಾಡ್ತಿದ್ದಾರೆ. ಒಂದು ಹಾಡಿಗೆ ಹೆಣ್ಣು ಧ್ವನಿ ಬೇಕಂತೆ. ನಿಮ್ಮ ತಂಗಿ ಸುಮನಾ ಹೆಸರು ಕೊಟ್ಟಿದ್ದೀನಿ," ಎಂದರು.

"ನಮ್ಮಿಬ್ಬರದ್ದಾ?"

"ಇಲ್ಲ ಮೇಡಂ, ಒಂದೇ ಧ್ವನಿ ಬೇಕಂತೆ."

ಛತ್ರಿಯನ್ನು ಅಂಗಡಿಯಲ್ಲೇ ಮರೆತು ಬಂದಿದ್ದೇನೆ.

ಜೂನ್ 19, ಮಂಗಳವಾರ

ಸುಮಿ ಒಪ್ಪಿದ್ದಾಳೆ. ಮಾಚೇನಹಳ್ಳಿಯ ಫ್ಯಾಕ್ಟರಿ ಆಫೀಸಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಪ್ರಸನ್ನಕುಮಾರರಿಗೆ ಫೋನ್ ಮಾಡಿ ಹೂಂ ಎಂದಳು. ನನ್ನನ್ನು ಕೇಳಲಿಲ್ಲ. ಇಪ್ಪತ್ತೇಳು ವರ್ಷದವಳು ನನ್ನನ್ನೇಕೆ ಕೇಳಬೇಕು? ಕೇಳಬೇಕಿತ್ತು.

ಹನ್ನೊಂದು ವರ್ಷದಿಂದ ನಾವಿಬ್ಬರೂ 'ಹೊಸಮನೆ ಸಹೋದರಿಯರು'. ಗೃಹಪ್ರವೇಶ, ನಾಮಕರಣ, ಗಣಪತಿ ಪೆಂಡಾಲು, ಯಾರು ಕರೆದರೂ ಹೋಗುತ್ತೇವೆ. ಮೊದಲು ಒಂದು ವಚನ, ಆಮೇಲೆ, ಆ ಕಾಪಿ ಕೈಗೆ ಬಂದಾಗಿನಿಂದ, ಮೂರನೇ ಪಾಳಿಯ ಹಾಡುಗಳು. ಹಾರ್ಮೋನಿಯಂ ನನ್ನದು. ಶ್ರುತಿ ಯಾವಾಗಲೂ ಐದೂವರೆ ಮನೆ, ಏಕೆಂದರೆ ಕ್ಯಾಸೆಟ್ಟಿನಲ್ಲಿ ಇರುವುದು ಐದೂವರೆ. ಮೂಲದ ಶ್ರುತಿ ಬದಲಿಸಿ ಹಾಡುವುದು ಅಪಚಾರ ಎಂದು ಸುಮಿಗೆ ಮೊದಲ ದಿನವೇ ಹೇಳಿದ್ದೆ.

"ಹೋಗು. ಆದರೆ ಅಲ್ಲಿ ಮೂರನೇ ಪಾಳಿ ಹಾಡೇ ಹಾಡು. ತಾನು ಏನಾಗಿದ್ದೆ ಅಂತ ಅವನಿಗೆ ನೆನಪಾಗಲಿ," ಎಂದೆ.

ಅಮ್ಮ ಅಡಿಗೆಮನೆಯಿಂದ, "ಅವಳನ್ನ ಹಾಡೋಕೆ ಕರೆದಿದ್ದಾರೋ, ಸಾಕ್ಷಿ ಹೇಳೋಕೋ?" ಎಂದಳು. ಕಲ್ಲಮ್ಮ ಎಂದು ಹೆಸರಿಟ್ಟವರು ಆಕೆಯ ಮಾತು ಕೇಳಿಯೇ ಇಟ್ಟಿರಬೇಕು.

ಜೂನ್ 28, ಗುರುವಾರ

ದಿನವೂ ಸಂಜೆ ಅಭ್ಯಾಸ. 'ಎರಡನೇ ಗೇಟು' ಆರಿಸಿದ್ದೇನೆ. "ಎರಡನೇ ಗೇಟಿನ ಬಳಿ ಸೈಕಲ್ಲು ನಿಲ್ಲಿಸಿ ಯಾರಿಗೋ ಕಾಯುತ್ತಿದೆ ಬೆಳಗು." ಪಲ್ಲವಿ ಸರಾಗವಾಗಿ ಬರುತ್ತದೆ. ಚರಣದ ಮೇಲಿನ ಸ್ವರದಲ್ಲಿ ಸುಮಿಯ ಕುತ್ತಿಗೆಯ ನರ ಎದ್ದು ನಿಲ್ಲುತ್ತದೆ. ಅದು ಶ್ರದ್ಧೆ ಎಂದು ನಾನು ತಿಳಿದಿದ್ದೇನೆ.

ಕಾಳುಮೆಣಸಿನ ಕಷಾಯ ಮಾಡಿಕೊಟ್ಟೆ. ಅವಳ ಜೊತೆ ನಾನೂ ಕುಡಿದೆ. ನನ್ನ ಗಂಟಲು ಬೆಣ್ಣೆಯಂತಾಗಿದೆ. ಹಾಡಬೇಕಾದವಳು ಅವಳು.

ಜುಲೈ 8, ಭಾನುವಾರ

ಭದ್ರಾವತಿಗೆ ಹೋಗಿ ಬಂದೆವು. ಸುಮಿ ಒಬ್ಬಳೇ ಹೋಗುತ್ತೇನೆ ಎಂದಳು. ಹಾರ್ಮೋನಿಯಂ ಹೊರುವವರು ಯಾರು ಎಂದು ಕೇಳಿ ನಾನೂ ಬಸ್ಸು ಹತ್ತಿದೆ.

ದುಶ್ಯಂತ್ ಮನೆ ನ್ಯೂ ಟೌನಿನ ಹಳೇ ಕ್ವಾರ್ಟರ್ಸಿನ ಹಿಂದಿದೆ. ಇಷ್ಟು ವರ್ಷ ಈ ಪುಸ್ತಕದಲ್ಲಿ ಅವನು, ಇವನು ಎಂದು ಬರೆದವಳು ಬಾಗಿಲಲ್ಲಿ ಅವರನ್ನು ನೋಡಿದ ಕೂಡಲೇ ಬಹುವಚನಕ್ಕೆ ಬಂದೆ. ಅರ್ಧ ತಲೆ ಬೋಳು, ಲುಂಗಿ, ಮೂಗಿನ ತುದಿಯಲ್ಲಿ ಕನ್ನಡಕ. ಪಕ್ಕದ ಮನೆಯಲ್ಲಿ ಯಾರೋ ತಮಿಳಿನಲ್ಲಿ ಜಗಳವಾಡುತ್ತಿದ್ದರು. ಕಿಟಕಿ ಮುಚ್ಚಿ, ಚಾಪೆ ಹಾಸಿ, "ಹಾಡಮ್ಮ," ಎಂದರು.

ನಾನು ಐದೂವರೆ ಕೊಟ್ಟೆ. ಪಲ್ಲವಿ ಬಂತು. ಚರಣದಲ್ಲಿ ಧ್ವನಿ ಒಡೆಯಿತು. ನೀರು ಕುಡಿದು ಮತ್ತೆ ಹಾಡಿದಳು. ಅದೇ ಜಾಗದಲ್ಲಿ ಮತ್ತೆ ಒಡೆಯಿತು. ಮೂರನೇ ಸಲ ಸಹಾಯಕ್ಕೆಂದು ನಾನೂ ದನಿಗೂಡಿಸಿದೆ. ಆ ಸ್ವರ ನನಗೆ ಸಲೀಸಾಗಿ ಸಿಕ್ಕಿತು. ಎಷ್ಟು ಸಲೀಸಾಗಿ ಎಂದರೆ ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ದುಶ್ಯಂತ್ ಕೈಯೆತ್ತಿ, "ನೀವು ಬೇಡ ಮೇಡಂ, ಅವರು ಹಾಡ್ಲಿ," ಎಂದರು. ಆಮೇಲೆ, "ಇಷ್ಟು ಮೇಲೆ ಯಾಕೆ ತಗೊಂಡ್ರಿ?" ಎಂದು ಕೇಳಿದರು.

"ಮೂಲದಲ್ಲಿ ಹಾಗೇ ಇದೆಯಲ್ಲ ಸರ್."

"ಮೂಲದಲ್ಲಾ? ನಾನು ಜನ್ಮದಲ್ಲೇ ಅಷ್ಟು ಮೇಲೆ ಹಾಡಿಲ್ಲ."

"ಹಾಡಿದ್ದೀರಿ ಸರ್. ನನ್ನ ಹತ್ತಿರ ಟೇಪ್ ಇದೆ."

ಅವರು ನಕ್ಕರು. ಸುಮಿಯ ಕಡೆ ತಿರುಗಿ, "ಗಂಟಲು ದಣಿದಿದೆ. ಆಗಸ್ಟ್ ಇಪ್ಪತ್ತಾರಕ್ಕೆ ಇನ್ನೊಂದು ಸಲ ಬಾರಮ್ಮ. ಅಲ್ಲಿವರೆಗೂ ನಾನು ಬೇರೆ ಯಾರನ್ನೂ ನೋಡಲ್ಲ. ಆಮೇಲೆ ಕಾಯೋಕಾಗಲ್ಲ, ಸೆಪ್ಟೆಂಬರಲ್ಲಿ ರೆಕಾರ್ಡಿಂಗ್," ಎಂದರು.

ಬಸ್ಸಿನಲ್ಲಿ ಸುಮಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ನಾನು ಮಾಚೇನಹಳ್ಳಿಯವರೆಗೂ ದುಶ್ಯಂತರನ್ನು ಬೈದೆ. ತಂಡ ಬಿಟ್ಟದ್ದು ಸಾಲದು, ತಂಡದಲ್ಲಿ ಯಾವ ಶ್ರುತಿಗೆ ಹಾಡಿದ್ದೆ ಎಂಬುದನ್ನೂ ಮರೆತಿದ್ದಾರೆ!

ಜುಲೈ 9, ಸೋಮವಾರ

ಸುಮಿಗಾಗಿ ತುಂಬ ಬೇಸರವಾಗಿದೆ ಎಂದು ಬರೆಯಲು ಕೂತೆ. ಆದರೆ ಇಂದು ಶಾಲೆಯಿಂದ ಬಂದವಳು ಹೋಳಿಗೆ ಮಾಡಿದೆ.

ಅಮ್ಮ, "ಇವತ್ತು ಯಾವ ಹಬ್ಬನೇ?" ಎಂದು ಕೇಳಿದಳು. ಕಡ್ಲೆಬೇಳೆಗೆ ಹುಳ ಬೀಳ್ತಿತ್ತು ಎಂದೆ. ಬೇಳೆಯಲ್ಲಿ ಒಂದೂ ಹುಳ ಇರಲಿಲ್ಲ.

ಜುಲೈ 14, ಶನಿವಾರ

ದುಶ್ಯಂತರ ಎದುರಿಗೆ ಸಾಕ್ಷಿ ಇಡಲೇಬೇಕು. ನನ್ನ ಕಾಪಿ ಇಟ್ಟರೆ ಕಾಪಿ ಎಂದು ತಳ್ಳಿಹಾಕಬಹುದು. ಮೂಲ ಕ್ಯಾಸೆಟ್ಟೇ ಬೇಕು ಎಂದು ಹೊರಟೆ. ತಂಡದಲ್ಲಿ ಡ್ರಮ್ಸ್ ಬಾರಿಸುತ್ತಿದ್ದ ಚೌಡಯ್ಯ ಈಗ ಮಾಚೇನಹಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕೆಲಸ ಮಾಡುತ್ತಾರೆ. ಸುಮಿಯೇ ಒಮ್ಮೆ ತೋರಿಸಿದ್ದಳು.

ಮಧ್ಯಾಹ್ನ ಊಟದ ಹೊತ್ತಿಗೆ ಹೋದೆ. ಕೈಯ ಎಣ್ಣೆ ಒರೆಸಿಕೊಂಡು ಬಂದರು. ಹಿಂದೆಯೇ ಇರುವ ಅವರ ಮನೆಯಿಂದ ಕ್ಯಾಸೆಟ್ ತರಿಸಿ ಕೊಟ್ಟರು. ಪ್ಲಾಸ್ಟಿಕ್ ಚೀಲ, ಅದರೊಳಗೆ ಪೇಪರು, ಅದರೊಳಗೆ ಕ್ಯಾಸೆಟ್. ಹೊದಿಕೆಯ ಒಳಗೆ ಪ್ರತಿ ಹಾಡಿನ ಮುಂದೆ ಅದರ ಅವಧಿ ಅಚ್ಚಾಗಿದೆ.

ಧೈರ್ಯ ಮಾಡಿ ಕೇಳಿದೆ. "ಅವರು ಯಾಕೆ ನಿಮ್ಮನ್ನೆಲ್ಲ ಬಿಟ್ಟು ಹೋದರು?"

"ಯಾರು, ದುಶ್ಯಂತನಾ? ಅವನೆಲ್ಲಿ ಬಿಟ್ಟ ಮೇಡಂ? ನಂಗೆ ಈ ಕೆಲಸ ಸಿಕ್ತು. ಒಬ್ಬ ಮದುವೆಯಾಗಿ ಹೊಸಪೇಟೆಗೆ ಹೋದ. ಇನ್ನೊಬ್ಬನಿಗೆ ಬೇಜಾರಾಯ್ತು. ಹಾಡ್ತಾ ಉಳ್ಕೊಂಡಿದ್ದು ಅವನೊಬ್ಬನೇ."

ನನ್ನ ಹದಿನಾಲ್ಕು ಪುಟದಲ್ಲಿ ಇದಕ್ಕೆ ಜಾಗವಿಲ್ಲ. ಚೌಡಯ್ಯನವರಿಗೆ ಮರೆವು ಇರಬೇಕು. ಆ ತಂಡದವರಿಗೆಲ್ಲ ಮರೆವು.

ಜುಲೈ 15, ಭಾನುವಾರ

ಅಂಗಡಿಯ ಸಭೆಗೆ ಹೋಗಲಿಲ್ಲ. ಸುಮಿ ಗೆಳತಿಯ ಮನೆಗೆ ಹೋದ ಮೇಲೆ ಮೂಲ ಕ್ಯಾಸೆಟ್ ಹಾಕಿದೆ.

ಹಾಡು ಎಳೆಯುತ್ತಿದೆ. ಧ್ವನಿ ದಪ್ಪಗಿದೆ. ನನ್ನ ಮೂರನೇ ಪಾಳಿಗೆ ಯಾರೋ ಜ್ವರದ ಮಾತ್ರೆ ಕೊಟ್ಟು ಮಲಗಿಸಿದ ಹಾಗಿದೆ. ಕ್ಯಾಸೆಟ್ಟಿಗೆ ಥಂಡಿ ಹಿಡಿದಿದೆ ಎಂದುಕೊಂಡೆ. ಪೆನ್ಸಿಲ್ ಹಾಕಿ ಸುತ್ತಿದೆ. ಟೇಪ್ ರೆಕಾರ್ಡರಿನ ಹೆಡ್ಡಿಗೆ ಸ್ಪಿರಿಟ್ ಹಚ್ಚಿ ಒರೆಸಿದೆ. ಕರೆಂಟು ಕಮ್ಮಿ ಇದೆಯೇನೋ ಎಂದು ಫ್ಯಾನು ಆರಿಸಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಕೆ.ಇ.ಬಿ.ಯನ್ನೂ ಬಿಡಲಿಲ್ಲ.

ಹಾರ್ಮೋನಿಯಂ ತಂದು ಶ್ರುತಿ ನೋಡಿದೆ. ನಾಲ್ಕೂವರೆ.

ಜುಲೈ 16, ಸೋಮವಾರ

ಶಾಲೆಯ ಲ್ಯಾಬಿನಿಂದ ಸ್ಟಾಪ್‌ವಾಚ್ ತಂದೆ. 'ಎರಡನೇ ಗೇಟು', ಹೊದಿಕೆಯಲ್ಲಿ ಅಚ್ಚಾದ ಅವಧಿ ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ಚೌಡಯ್ಯನವರ ಕ್ಯಾಸೆಟ್ಟಿನಲ್ಲಿ ನಾಲ್ಕು ನಿಮಿಷ ಹನ್ನೆರಡು ಸೆಕೆಂಡು. ನನ್ನ ಕಾಪಿಯಲ್ಲಿ ಮೂರು ನಿಮಿಷ ನಲವತ್ತನಾಲ್ಕು.

ಒಂಬತ್ತನೇ ತರಗತಿಗೆ ವೇಗ ಎಂದರೇನು ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುವವಳು ನಾನು. ತಂಡದ ವೇಗದ ಮೇಲೆ ಹದಿನಾಲ್ಕು ಪುಟ ಬರೆದೆ. ಒಂದು ಸಲವೂ ಗಡಿಯಾರ ನೋಡಲಿಲ್ಲ.

ತೊಂಬತ್ತನಾಲ್ಕರಲ್ಲಿ ಕಾಪಿ ಮಾಡುವಾಗ ನಮ್ಮ ಮನೆಯಲ್ಲಿದ್ದದ್ದು ಒಂದೇ ಟೇಪ್ ರೆಕಾರ್ಡರ್. ಇನ್ನೊಂದನ್ನು ಪಕ್ಕದ ಮನೆಯ ಶೇಷಪ್ಪನವರಿಂದ ಕೇಳಿ ತಂದು, ಅದರಲ್ಲಿ ಮೂಲ ಕ್ಯಾಸೆಟ್ ಹಾಕಿ, ವೈರು ಕೊಟ್ಟು ನಮ್ಮದರಲ್ಲಿ ತುಂಬಿಸಿಕೊಂಡಿದ್ದೆ. ಸಂಜೆ ಅವರ ಮನೆಗೆ ಹೋದೆ. ರಿಟೈರ್ಡ್ ಪೋಸ್ಟ್ ಮಾಸ್ತರು, ಜಗಲಿಯಲ್ಲಿ ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು.

"ಆ ಹಳೇ ಟೇಪ್ ರೆಕಾರ್ಡರಾ? ಚೆನ್ನಾಗಿತ್ತಲ್ಲ. ಆದ್ರೆ ಹರಿಕಥೆ ಕ್ಯಾಸೆಟ್ಟಲ್ಲಿ ದಾಸರು ಬಹಳ ಎಳೀತಿದ್ರು ಮಾರಾಯ್ತಿ. ಮೋಟರ್ ಹಿಂದೆ ಒಂದು ಸಣ್ಣ ಸ್ಕ್ರೂ ಇರುತ್ತೆ. ಒಂಚೂರು ತಿರುಗಿಸಿ ಬೇಗ ಓಡೋ ಹಾಗೆ ಮಾಡಿದ್ದೆ. ಸ್ನಾನಕ್ಕೆ ನೀರು ಕಾಯೋದ್ರೊಳಗೆ ಕಥೆ ಮುಗಿದು ಮಂಗಳ ಆಗ್ತಿತ್ತು."

ಒಂಚೂರು! ಟೇಪು ಬೇಗ ಓಡಿದರೆ ಧ್ವನಿಯೂ ಮೇಲೇರುತ್ತದೆ. ಆ ಒಂಚೂರಿನ ಮೇಲೆ ನಾನು ಒಂದು ಸಿದ್ಧಾಂತ ಕಟ್ಟಿದೆ, ಊರಿಗೆಲ್ಲ ಹಂಚಿದೆ, ಐದು ವರ್ಷ ಜಗಳವಾಡಿದೆ. ಅವರ ಮುಂದೆಯೇ ನಗು ಬಂತು. ಮನೆಗೆ ಬಂದು ಹಾರ್ಮೋನಿಯಂ ನಾಲ್ಕೂವರೆಗೆ ಇಟ್ಟು ಒಬ್ಬಳೇ ಹಾಡಿ ನೋಡಿದ ಮೇಲೆ ನಗು ಹೋಯಿತು. ಆ ಶ್ರುತಿಯಲ್ಲಿ ನನ್ನ ಧ್ವನಿ ಇದ್ದೂ ಇಲ್ಲದ ಹಾಗೆ.

"ಯಾರೇ ಅದು ಒಳಗೆ ಗೊಣಗ್ತಿರೋದು?" ಎಂದಳು ಅಮ್ಮ.

ಸುಮಿಗೆ ಮಾತ್ರ ಅದೇ ಸರಿಯಾದ ಶ್ರುತಿ. ಸಂಗೀತದ ಗಂಧವಿಲ್ಲದವರಿಗೂ ಇದು ಹೊಳೆಯುತ್ತದೆ. ನಾಳೆ ಹೇಳುತ್ತೇನೆ.

ಜುಲೈ 17, ಮಂಗಳವಾರ

ಸುಮಿಗೆ ತಲೆನೋವಿತ್ತು. ಹೇಳಲಿಲ್ಲ.

ಜುಲೈ 20, ಶುಕ್ರವಾರ

ಅವಳಿಗೆ ತಲೆನೋವಿರಲಿಲ್ಲ. ಇಷ್ಟು ಚೆನ್ನಾಗಿರುವಾಗ ಯಾಕೆ ಮನಸ್ಸು ಕೆಡಿಸುವುದು ಎಂದು ಹೇಳಲಿಲ್ಲ.

ಜುಲೈ 29, ಭಾನುವಾರ

ಅಂಗಡಿಯಲ್ಲಿ ತಂಡದ ವೇಗದ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದೆ. ಸುಳ್ಳು ಎಂದು ಗೊತ್ತಿದ್ದೂ ಆಡಿದೆ. ಇಷ್ಟು ಚೆನ್ನಾಗಿ ಹಿಂದೆಂದೂ ವಾದಿಸಿರಲಿಲ್ಲ. ಕೊನೆಗೆ ಪ್ರಸನ್ನಕುಮಾರ್ ಸೋತವರಂತೆ ಕೂತು, "ಮೇಡಂ, ನೀವು ವಕೀಲರಾಗಬೇಕಿತ್ತು," ಎಂದರು.

ಮೂಲ ಕ್ಯಾಸೆಟ್ ನನ್ನ ಬೀರುವಿನಲ್ಲಿ ಸೀರೆಗಳ ಕೆಳಗಿದೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದಂತೆ. ಆ ಬೆಕ್ಕಿಗೆ ಬಿ.ಎಸ್ಸಿ., ಬಿ.ಎಡ್. ಆಗಿರಲಿಲ್ಲ ಎನ್ನುವುದಷ್ಟೇ ವ್ಯತ್ಯಾಸ.

ಆಗಸ್ಟ್ 4, ಶನಿವಾರ

ಊಟಕ್ಕೆ ಕೂತಾಗ ಸುಮಿ ಹೇಳಿದಳು. "ಇಪ್ಪತ್ತಾರಕ್ಕೆ ನಾನು ಭದ್ರಾವತಿಗೆ ಹೋಗಲ್ಲ ಅಕ್ಕ. ನಾಳೆ ಪ್ರಸನ್ನಕುಮಾರ್ ಅವ್ರಿಗೆ ಹೇಳ್ಬಿಡು."

"ಯಾಕೆ?"

"ನನ್ನ ಗಂಟಲು ಅಷ್ಟೇ ಕಣೆ. ಒಬ್ಬಳೇ ಹಾಡೋವಂಥದ್ದಲ್ಲ. ಅವತ್ತೇ ಸಂಜೆ ಗಣಪತಿ ಪೆಂಡಾಲಿನ ಕಾರ್ಯಕ್ರಮ ಇದೆಯಲ್ಲ, ನಿನ್ನ ಜೊತೆ ಹಾಡ್ತೀನಿ. ಸಾಕು ನಂಗೆ."

ಅಳುತ್ತಾ ಹೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಸಾರಿಗೆ ಉಪ್ಪು ಸಾಕು ಎನ್ನುವ ಹಾಗೆ ಹೇಳಿದಳು. ಜೂನ್ ಹದಿನೇಳರಿಂದ ನನಗೆ ಬೇಕಾಗಿದ್ದದ್ದು ಇದೇ. ತಟ್ಟೆಗೆ ಬಂದು ಬಿತ್ತು. ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ.

ಆಗಸ್ಟ್ 5, ಭಾನುವಾರ

ಹೇಳಿದೆ.

ಬೆಳಿಗ್ಗೆ ಮಳೆ ಬಿಟ್ಟಿತ್ತು. ಸುಮಿ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಟೇಪ್ ರೆಕಾರ್ಡರ್ ಮೇಲಕ್ಕೆ ಒಯ್ದು ಮೊದಲು ನನ್ನ ಕಾಪಿ ಹಾಕಿದೆ. ಆಮೇಲೆ ಮೂಲ ಹಾಕಿದೆ. ಅವಳ ಕೈಯಲ್ಲಿ ಒದ್ದೆ ಟವೆಲ್ ಹಾಗೇ ಇತ್ತು. ಚರಣ ಬಂದಾಗ ಮೆಲ್ಲಗೆ ಜೊತೆಗೆ ಹಾಡಿದಳು. ಮೇಲಿನ ಸ್ವರ ಬಂತು. ಕುತ್ತಿಗೆಯ ನರ ಏಳಲಿಲ್ಲ.

ಶೇಷಪ್ಪನವರ ಸ್ಕ್ರೂ ಕಥೆ ಹೇಳಿದೆ. ಅವಳು ನಕ್ಕಳು. "ಜುಲೈ ಹದಿನಾರರಿಂದ ನನಗೆ ಗೊತ್ತು," ಎಂದೆ. ನಗು ನಿಂತಿತು.

ಒದ್ದೆ ಟವೆಲ್ ಇನ್ನೊಮ್ಮೆ ಹಿಂಡಿ ಅವಳೇ ಮಾತಾಡಿದಳು. "ಟೇಪಿನ ವಿಷಯ ನಂಗೆ ಗೊತ್ತಿರಲಿಲ್ಲ. ಆದ್ರೆ ಒಂದು ಮನೆ ಕೆಳಗೆ ತಗೊಂಡ್ರೆ ನಂಗೆ ಸಲೀಸು ಅಂತ ಗೊತ್ತಿತ್ತು."

"ಯಾವಾಗಿಂದ?"

"ಡಿಗ್ರಿ ಓದುವಾಗಿಂದ. ನೀನು ಮನೇಲಿ ಇಲ್ದಾಗ ಹಾಡ್ಕೋತಿದ್ದೆ."

"ಹೇಳ್ಬಾರ್ದಾ ಮಾರಾಯ್ತಿ! ಇಷ್ಟು ವರ್ಷ ಗಂಟಲು ಹರ್ಕೊಂಡು..."

"ಅಷ್ಟು ಕೆಳಗೆ ನಿನ್ನ ಸ್ವರ ಕೇಳಲ್ಲ ಅಕ್ಕ."

ನನಗೆ ಮೊದಲು ಸಿಟ್ಟು ಬಂತು. ನನಗೆ ಭಿಕ್ಷೆ ಹಾಕಲು ಇವಳ್ಯಾರು ಎಂದು. ಆಮೇಲೆ ಅಳು ಬಂತು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತು ಎಂದು ಗಾದೆ. ನಮ್ಮ ಮನೆಯಲ್ಲಿ ನಾರು ತಾನೇ ಹೂವು ಎಂದು ತಿಳಿದು ಏಳು ವರ್ಷ ಮೆರೆಯಿತು, ಹೂವು ಸುಮ್ಮನೆ ಮೆರೆಸಿತು.

"ಅವತ್ತು ದುಶ್ಯಂತ್ ಅವರ ಮನೇಲಾದರೂ ಕೆಳಗೆ ತಗೋಬಹುದಿತ್ತಲ್ಲ?"

"ನೀನು ಪಕ್ಕದಲ್ಲೇ ಕೂತಿದ್ದೆ."

ಟವೆಲ್ ತಂತಿಗೆ ಹಾಕಿ ಮೆಟ್ಟಿಲ ತನಕ ಹೋದವಳು ತಿರುಗಿ ನಿಂತಳು. "ನಾನು ಏಳು ವರ್ಷ ಸುಮ್ಮನಿದ್ದಿದ್ದು ನಿಂಗೋಸ್ಕರ. ನೀನು ಇಪ್ಪತ್ತು ದಿನ ಸುಮ್ಮನಿದ್ದಿದ್ದು ಯಾರಿಗೋಸ್ಕರ?"

ಉತ್ತರ ಗೊತ್ತಿತ್ತು. ಬಕೆಟ್ಟಿನಲ್ಲಿ ಉಳಿದ ಬಟ್ಟೆಯನ್ನು ನಾನೇ ಒಣಹಾಕಿದೆ.

ಆಗಸ್ಟ್ 8, ಬುಧವಾರ

ಸುಮಿ ಮಾತಾಡುತ್ತಿಲ್ಲ. ಉಪ್ಪಿನಕಾಯಿ ಬೇಕಾದರೂ ಅಮ್ಮನ ಮೂಲಕ. "ನಾನೇನು ಪೋಸ್ಟ್ ಆಫೀಸಾ?" ಎಂದು ಅಮ್ಮ ಗದರಿದಳು. ಆದರೂ ಬಾಟಲಿ ದಾಟಿಸಿದಳು.

ಆಗಸ್ಟ್ 12, ಭಾನುವಾರ

ಅಂಗಡಿಯಲ್ಲಿ ಎರಡೂ ಕ್ಯಾಸೆಟ್ ಕೇಳಿಸಿ ಎಲ್ಲ ಹೇಳಿಬಿಟ್ಟೆ. ಸ್ಟಾಪ್‌ವಾಚನ್ನೂ ಒಯ್ದಿದ್ದೆ. ಪ್ರಸನ್ನಕುಮಾರ್ ಕುಣಿದಾಡುತ್ತಾರೆ ಎಂದುಕೊಂಡು ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅವರು ಬಾಯಿ ತೆರೆದವರು ಹಾಗೇ ಕೂತರು.

"ಹಂಗಾದ್ರೆ ಒಂಟಿಯಾದ ಮೇಲೆ ಧ್ವನಿ ಮಾಗಿ ಕೆಳಗಿಳೀಲಿಲ್ವಾ?"

"ಇಳೀಲಿಲ್ಲ ಸ್ವಾಮಿ. ಮೊದಲಿಂದ್ಲೂ ಅಲ್ಲೇ ಇತ್ತು."

"ನನ್ನ ಮಾವಿನಹಣ್ಣು?"

"ನಿಮ್ಮ ಹಣ್ಣು, ನನ್ನ ಕಾಯಿ, ಎರಡೂ ಶೇಷಪ್ಪನವರ ತೋಟದ್ದು."

ನನ್ನ ಹದಿನಾಲ್ಕು ಪುಟಕ್ಕೆ ಉತ್ತರವಾಗಿ ಅವರು ಬರೆಯುತ್ತಿದ್ದ ಇಪ್ಪತ್ತೆರಡು ಪುಟವನ್ನು ಮೇಜಿನ ಡ್ರಾಯರಿಗೆ ಹಾಕಿಕೊಂಡರು. ಆಮೇಲೆ, ಸಾಹಿತ್ಯದ ದೃಷ್ಟಿಯಿಂದ ನೋಡಿದರೆ ಒಂಟಿ ಹಾಡುಗಳೇ ಮೇಲು ಎಂದು ಯಾರೋ ಹೇಳಿದರು. ಜಗಳ ಮತ್ತೆ ಶುರುವಾಯಿತು. ನಾನೂ ಸೇರಿಕೊಂಡೆ. ಎಂಥ ಜನ ನಾವು!

ಪ್ರಸನ್ನಕುಮಾರರಿಗೆ ಸುಮಿ ಹೇಳಿದ್ದನ್ನು ಮಾತ್ರ ತಲುಪಿಸಲಿಲ್ಲ. ಭದ್ರಾವತಿಗೆ ಬರುವುದಿಲ್ಲ ಎಂದು ಹೇಳು ಎಂದಿದ್ದಳಲ್ಲ, ಅದನ್ನು.

ಆಗಸ್ಟ್ 18, ಶನಿವಾರ

ಸುಮಿ ಬಾಗಿಲ ಹತ್ತಿರ ಬಂದು ನಿಂತಳು. "ಪ್ರಸನ್ನಕುಮಾರ್ ಅವ್ರಿಗೆ ಹೇಳಿದ್ಯಾ?"

"ಇಲ್ಲ."

"ಒಳ್ಳೇದಾಯ್ತು. ಹೋಗ್ತೀನಿ. ಹಾರ್ಮೋನಿಯಂ ನಾನೇ ತಗೊಂಡು ಹೋಗ್ತೀನಿ. ನೀನು ಬರಬೇಡ."

"ಪೆಂಡಾಲಿನವರಿಗೆ?"

"ನೀನು ಹಾಡು. ನಾನು ಬರೋದು ಏಳಾಗುತ್ತೆ."

ಹದಿಮೂರು ದಿನದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತುಗಳು. ನೀನು ಬರಬೇಡ ಎಂದದ್ದಕ್ಕೆ ಸಂತೋಷಪಟ್ಟವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಆಗಸ್ಟ್ 26, ಭಾನುವಾರ

ಮಧ್ಯಾಹ್ನ ಸುಮಿಯನ್ನು ಭದ್ರಾವತಿ ಬಸ್ಸಿಗೆ ಹತ್ತಿಸಿದೆ. ಹಾರ್ಮೋನಿಯಂ ಮಡಿಲಲ್ಲಿಟ್ಟುಕೊಂಡು ಕೂತಳು. ಏನಾದರೂ ಬುದ್ಧಿಮಾತು ಹೇಳಬೇಕೆಂದು ಬಾಯಿ ತುರಿಸುತ್ತಿತ್ತು. ಟಿಕೆಟ್ ಹುಷಾರು ಎಂದೆ.

ಸಂಜೆ ಆರಕ್ಕೆ ಪೆಂಡಾಲಿನಲ್ಲಿ ಮೈಕಿನವರು, "ಈಗ ಹೊಸಮನೆ ಸಹೋದರಿಯರು," ಎಂದು ಕೂಗಿ ನನ್ನ ಹಿಂದೆ ಇಣುಕಿ ನೋಡಿದರು. "ಇನ್ನೊಬ್ಬರು ಎಲ್ಲಿ ಮೇಡಂ?"

"ಅವಳಿಗೆ ಬೇರೆ ಕಾರ್ಯಕ್ರಮ ಇದೆ."

ಹಾರ್ಮೋನಿಯಂ ಇಲ್ಲ, ಪಕ್ಕದಲ್ಲಿ ಸುಮಿ ಇಲ್ಲ. ವಚನ ಮುಗಿಸಿದೆ. ವೇದಿಕೆಯಲ್ಲಿ ಮೂರನೇ ಪಾಳಿಯ ಹಾಡನ್ನು ಸುಮಿಯಿಲ್ಲದೆ ಎಂದೂ ಹಾಡಿಲ್ಲ. ಅದಕ್ಕೇ ದುಶ್ಯಂತರು ಒಬ್ಬರೇ ಮಾಡಿದ ಕ್ಯಾಸೆಟ್ಟಿನ 'ಬಾಡಿಗೆ ಮನೆ' ಎತ್ತಿಕೊಂಡೆ. "ಮೊಳೆ ಹೊಡೆಯಬೇಡಿ ಎಂದಿದ್ದಾರೆ, ಎಲ್ಲಿ ತೂಗಲಿ ನಿನ್ನ ಚಿತ್ರ." ಸಾಲು ಸಾಲೂ ನನಗೆ ಬಾಯಿಗೆ ಬರುತ್ತದೆ ಎಂದು ಹಾಡುವವರೆಗೂ ಗೊತ್ತಿರಲಿಲ್ಲ. ಬೈಯುವುದಕ್ಕೆಂದು ಅಷ್ಟು ಸಲ ಕೇಳಿದ್ದೆನಲ್ಲ, ಅದರ ಪ್ರಭಾವ. ಶ್ರುತಿ ಎಷ್ಟಿತ್ತೋ ಗೊತ್ತಿಲ್ಲ. ನನ್ನ ಗಂಟಲಿಗೆ ಎಲ್ಲಿ ಹಿತವೋ ಅಲ್ಲಿಂದ ಹಿಡಿದೆ. ಮುಂದಿನ ಸಾಲಿನಲ್ಲಿ ಕೂತಿದ್ದ ಶೇಷಪ್ಪನವರು ಇನ್ನೊಂದು ಸಲ ಎಂದು ಕೂಗಿದರು. ಅವರಿಗೇಕೋ ಎಳೆಯುತ್ತಿದೆ ಅನ್ನಿಸಲಿಲ್ಲ.

ಆಗಸ್ಟ್ 27, ಸೋಮವಾರ

ಸುಮಿ ಆಯ್ಕೆಯಾಗಿದ್ದಾಳೆ. ನಿನ್ನೆ ಏಳಕ್ಕೆ ಬರುತ್ತೇನೆಂದವಳು ಎಂಟಕ್ಕೆ ಬಂದು, "ಆಯ್ತು," ಎಂದಷ್ಟೇ ಹೇಳಿ ಅಮ್ಮನ ಪಕ್ಕದಲ್ಲಿ ಕೂತು ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು. ಸೆಪ್ಟೆಂಬರ್ ಹನ್ನೆರಡಕ್ಕೆ ರೆಕಾರ್ಡಿಂಗ್.

ಇಂದು ಸಂಜೆ ನಾನಾಗಿಯೇ ಕೇಳಿದೆ, 'ಎರಡನೇ ಗೇಟು' ಹೇಳೇ ಎಂದು. ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಕೂತಳು. ಹಾರ್ಮೋನಿಯಂ ಅವಳ ಮುಂದೆಯೇ ಇತ್ತು, ನಾನು ಗೋಡೆಗೆ ಒರಗಿ ಕೂತೆ. ನಾಲ್ಕೂವರೆ ಹಿಡಿದು ಶುರು ಮಾಡಿದಳು. ಅಭ್ಯಾಸಬಲದಿಂದ ಎರಡನೇ ಸಾಲಿಗೆ ನನ್ನ ಬಾಯಿ ತೆರೆಯಿತು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ.

ದುಂಡಗಿನ, ತಂಪಾದ ಧ್ವನಿ. ಎಲ್ಲೂ ಅವಸರವಿಲ್ಲ. ಮೇಲಿನ ಸ್ವರಕ್ಕೆ ಹೋಗಿ ಅಲ್ಲಿ ನಿಂತು, ಬೇಕಾದಾಗ ಕೆಳಗೆ ಬಂದಳು. ಅಮ್ಮ ಅಡಿಗೆಮನೆಯಿಂದ ಸೌಟು ಹಿಡಿದುಕೊಂಡೇ ಬಂದು ಬಾಗಿಲಲ್ಲಿ ನಿಂತಿದ್ದಳು. ನನಗೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಹಾಡು ಮುಗಿಸಿ, "ಹೆಂಗಿದೆ ಅಕ್ಕ?" ಎಂದಳು. ಅಭಿಪ್ರಾಯ ಹೇಳುವುದರಲ್ಲಿ ಊರಿಗೇ ಹೆಸರಾದ ನಾನು, "ಇನ್ನೊಂದು ಸಲ ಹಾಡೇ," ಎಂದೆ. ಹನ್ನೊಂದು ವರ್ಷ ಅವಳ ಜೊತೆ ಹಾಡಿದ್ದೇನೆ. ನನ್ನ ತಂಗಿ ಹಾಡುವುದನ್ನು ಕೇಳಿದ್ದು ಇವತ್ತೇ ಮೊದಲು.